ಮಧ್ವರಾಜನ ಮಡಿ ಬೂಟು

ಚೆನ್ನೈಯ ತ್ರಿಪ್ಲಿಕೇನಿನಲ್ಲಿ ಸದಾನಂದ ರಾಯರ ಹೋಟೆಲಿಗೆ ಮೆನು ಕಾರ್ಡು ಇರಲಿಲ್ಲ. ಮಧ್ವರಾಜ ಇದ್ದ. ಗಿರಾಕಿ ಕುರ್ಚಿ ಎಳೆದು ಕೂರುವಷ್ಟರಲ್ಲಿ ನೀರಿನ ಲೋಟ ಇಟ್ಟು, ಕಣ್ಣನ್ನು ಫ್ಯಾನಿನ ಕಡೆಗೆ ತಿರುಗಿಸಿ, "ಇಡ್ಲಿ ವಡೆ ಪೊಂಗಲ್ ಪೂರಿ ಸಾದಾ ರೋಸ್ಟ್ ಮಸಾಲ ರೋಸ್ಟ್ ರವಾ ಆನಿಯನ್ ರವಾ" ಎಂದು ಒಂದೇ ಉಸಿರಿನಲ್ಲಿ ಹೇಳುತ್ತಿದ್ದ. ಅವನು ಉಸಿರು ತೆಗೆದುಕೊಂಡನೆಂದರೆ ಒಳಗೆ ಬೇರೇನೂ ಬೆಂದಿಲ್ಲ ಎಂದು ಅರ್ಥ.

ಇದಕ್ಕಿಂತ ದೊಡ್ಡ ವಿದ್ಯೆ ಇನ್ನೊಂದಿತ್ತು. ಅಕ್ಕಪಕ್ಕದ ಮ್ಯಾನ್ಷನ್ನುಗಳಲ್ಲಿ ರೂಮು ಹಿಡಿದಿದ್ದ ಬ್ರಹ್ಮಚಾರಿಗಳ ದಂಡು ಬಂದು, ಒಬ್ಬನಿಗೆ ಎಣ್ಣೆಯಿಲ್ಲದ ದೋಸೆ, ಒಬ್ಬನಿಗೆ ತುಪ್ಪ ಸುರಿದ ದೋಸೆ, ಒಬ್ಬನ ಕಾಫಿ ಸ್ಟ್ರಾಂಗು, ಇನ್ನೊಬ್ಬನದು ಸಕ್ಕರೆಯಿಲ್ಲದ್ದು ಎಂದು ಬಾಯಿಗೆ ಬಂದದ್ದು ಹೇಳಿದರೂ ಮಧ್ವರಾಜ ಕಾಗದ ಮುಟ್ಟುತ್ತಿರಲಿಲ್ಲ. ಅಡುಗೆಮನೆಯ ಕಿಂಡಿಗೆ ಹೋಗಿ ಅಷ್ಟನ್ನೂ ಅದೇ ಕ್ರಮದಲ್ಲಿ ಕೂಗುತ್ತಿದ್ದ. ಸರಿಯಾದ ದೋಸೆ ಸರಿಯಾದ ಮನುಷ್ಯನ ಮುಂದೆ ಬಂದು ಬೀಳುತ್ತಿತ್ತು. ಬಿಲ್ಲು ಕೊಟ್ಟು, ಒದ್ದೆ ಬಟ್ಟೆಯಿಂದ ಟೇಬಲ್ ಒರೆಸಿದನೋ, ಆ ಒರೆಸುವಿಕೆಯಲ್ಲೇ ತಲೆಯೂ ಸ್ವಚ್ಛ. ಮರುಕ್ಷಣ "ಆ ಟೇಬಲಿನವರು ಏನು ತಿಂದರು?" ಎಂದರೆ, "ಯಾವ ಟೇಬಲ್?" ಎನ್ನುವ ಪೈಕಿ. ಒರೆಸದೆ ಇಟ್ಟುಕೊಂಡರೆ ಮುಂದಿನ ಗಿರಾಕಿಯನ್ನು ಎಲ್ಲಿ ಕೂರಿಸುವುದು?

ಬ್ರಹ್ಮಾವರದ ಆಚೆಯ ಊರಿನಿಂದ ಮೀಸೆ ಮೂಡುವ ಮುಂಚೆಯೇ ಮದರಾಸಿಗೆ ಬಂದವನಿಗೆ, ಮದರಾಸು ಚೆನ್ನೈ ಆಗುವಷ್ಟರಲ್ಲಿ ಮೀಸೆ ನರೆತಿತ್ತು. ಅದರ ಜೊತೆಗೆ ಸಕ್ಕರೆ ಕಾಯಿಲೆಯೂ ಬಂದಿತ್ತು. ಎರಡನ್ನೂ ಅವನು ಅಷ್ಟೇನೂ ಗಮನಿಸಿರಲಿಲ್ಲ. ಗಮನಿಸುವಂತೆ ಮಾಡಿದ್ದು ಬಲಗಾಲಿನ ಹೆಬ್ಬೆರಳು. ಹೋಟೆಲಿನ ನೆಲದ ಒಂದು ಕಲ್ಲು ಅಂಚು ಒಡೆದಿತ್ತು. ಅದು ಯಾವಾಗಲೋ ಕೊಯ್ದಿತ್ತು. ಜೋಮು ಹಿಡಿದ ಕಾಲು, ಇವನಿಗೆ ಗೊತ್ತೇ ಆಗಿರಲಿಲ್ಲ. ಗೊತ್ತಾಗುವ ಹೊತ್ತಿಗೆ ಗಾಯ ಅಲ್ಲಿ ಬಿಡಾರ ಹೂಡಿ, ಬಾಗಿಲು ಮುಚ್ಚುವ ಯೋಚನೆಯನ್ನೇ ಬಿಟ್ಟಿತ್ತು.

ಧರ್ಮಾರ್ಥ ಆಸ್ಪತ್ರೆಯೊಂದರ ಸರ್ಜನ್ ಅದನ್ನು ನೋಡಿ ತಮಿಳಿನಲ್ಲಿ ಹೇಳಿದ್ದು ಚಿಕ್ಕದು: ಶುಗರ್ ಇಳಿದು ಗಾಯ ಒಣಗಿದರೆ ಸರಿ, ಇಲ್ಲದಿದ್ದರೆ ದೀಪಾವಳಿ ಕಳೆದ ಮೇಲೆ ಬೆರಳು ತೆಗೆಯುವುದು. ಬೆರಳಿಗೇ ನಿಂತರೆ ಪುಣ್ಯ.

ಸಪ್ಲೈಯರನ ಬದುಕು ಮುಕ್ಕಾಲು ಪಾಲು ಕಾಲಿನ ಮೇಲೆ. ಮಿಕ್ಕ ಕಾಲು ಪಾಲೂ ಕಾಲಿನ ಮೇಲೆಯೇ. ಕುಂಟುವ ಸಪ್ಲೈಯರನಿಗೆ ಸಾಂಬಾರಿನ ಬಕೆಟ್ಟು ಯಾರು ಕೊಡುತ್ತಾರೆ? ಮಗಳು ವೀಕ್ಷಾ ಇನ್ನೂ ಹೈಸ್ಕೂಲು. ಮಧ್ವರಾಜ ಆ ರಾತ್ರಿ ಹೆಂಡತಿ ಬೇಬಿಗೆ ಹೇಳಿದ್ದು ಇಷ್ಟೆ: "ಎಂತದೂ ಇಲ್ಲ ಮಾರಾಯ್ತಿ, ಒಂದು ಬೆರಳಿನ ವಿಷಯ."

"ಬೆರಳು ನಿಮ್ದಾ, ಹೋಟ್ಲಿನದ್ದಾ?" ಎಂದಳು ಬೇಬಿ.

ಶುಗರ್ ಇಳಿಸುವ ಕೆಲಸ ಅದೇ ಆಸ್ಪತ್ರೆಯ ಡಾಕ್ಟರ್ ಬೃಂದಾ ಅವರ ಪಾಲಿಗೆ ಬಂತು. ಮೈಸೂರಿನ ಹುಡುಗಿ, ಗಂಡನಿಗೆ ಇದೇ ಊರಿನ ಪೆರುಂಗುಡಿಯಲ್ಲಿ ಕೆಲಸವಾದದ್ದರಿಂದ ವೇಲಚೇರಿಗೆ ಬಂದು ವರ್ಷವಾಗಿರಲಿಲ್ಲ. ಅವರ ತಮಿಳು ಕೇಳಿದ ರೋಗಿಗಳು ನೋವು ಮರೆತು ನಗುತ್ತಿದ್ದರು. ಅದೂ ಒಂದು ಚಿಕಿತ್ಸೆಯೇ. ಮಧ್ವರಾಜ "ನಮಸ್ಕಾರ ಮೇಡಂ, ನಾವು ಉಡುಪಿ ಕಡೆಯವರು" ಎಂದಾಗ ಬೃಂದಾ ಅವರ ಮುಖ ಅರಳಿದ್ದು ನೋಡಿದರೆ, ಕಾಯಿಲೆ ಯಾರದು, ವಾಸಿಯಾದದ್ದು ಯಾರಿಗೆ ಎಂದು ಅನುಮಾನ ಬರುತ್ತಿತ್ತು.

"ಅಬ್ಬಾ, ಕನ್ನಡ! ಕೂತ್ಕೊಳ್ಳಿ, ಕೂತ್ಕೊಳ್ಳಿ. ಇನ್ನು ನಮ್ಮಿಬ್ರಿಗೆ ತೊಂದ್ರೆನೇ ಇಲ್ಲ."

ಮಧ್ವರಾಜ ಕೂರಲಿಲ್ಲ. ಮುಂದೆ ಒಬ್ಬರು ಕೂತು ಮಾತಾಡುತ್ತಿದ್ದರೆ ತಾನು ನಿಲ್ಲುವುದು ಅವನ ಕಾಲಿಗೆ ಗೊತ್ತಿದ್ದ ಒಂದೇ ಭಂಗಿ.

ಬೃಂದಾ ಆಗಷ್ಟೇ ಒಂದು ತರಬೇತಿ ಮುಗಿಸಿ ಬಂದಿದ್ದರು. ಹಣವಂತ ರೋಗಿ ಪ್ರಶ್ನೆ ಕೇಳಿ ಕೇಳಿ ಡಾಕ್ಟರನ್ನು ಹಣ್ಣು ಮಾಡುತ್ತಾನೆ, ಬಡವ ತಲೆಯಾಡಿಸಿ ಹೋಗುತ್ತಾನೆ. ಆದ್ದರಿಂದ ಬಡವನ ಬಾಯಿಂದ ಹೇಳಿದ್ದನ್ನು ತಿರುಗಿ ಹೇಳಿಸಿ, ಅವನಿಗೆ ಅರ್ಥವಾಗಿದೆಯೋ ನೋಡಿ ಎಂದು ಅಲ್ಲಿ ಕಲಿಸಿದ್ದರು. ಒಳ್ಳೆಯ ಪಾಠ. ಸಪ್ಲೈಯರುಗಳ ಬಗ್ಗೆ ಮಾತ್ರ ಯಾರೂ ಎಚ್ಚರಿಸಿರಲಿಲ್ಲ.

"ನೋಡಿ ಮಧ್ವರಾಜ್ ಅವ್ರೆ. ಈ ಬಿಳಿ ಮಾತ್ರೆ ಬೆಳಿಗ್ಗೆ, ಆಹಾರಕ್ಕೆ ಅರ್ಧ ಗಂಟೆ ಮುಂಚೆ. ರಾತ್ರಿಗೂ ಹಾಗೇ. ದೊಡ್ಡದು ತಿಂದ ಮೇಲೆ. ಗಾಯಕ್ಕೆ ನೀರು ಸೋಕಬಾರದು. ಬರಿಗಾಲಲ್ಲಿ ಓಡಾಡಲೇಬಾರದು, ಯಾವಾಗ್ಲೂ ಚಪ್ಪಲಿ. ಕಾಫಿಗೆ ಸಕ್ಕರೆ ಬೇಡ. ಎಲ್ಲಿ, ನಾನು ಹೇಳಿದ್ದು ನೀವು ಒಂದ್ಸಲ ಹೇಳಿ ನೋಡೋಣ?"

ಮಧ್ವರಾಜನ ಕಣ್ಣು ಫ್ಯಾನಿಗೆ ಹೋಯಿತು. "ಬಿಳಿ ಬೆಳಿಗ್ಗೆ ಆಹಾರಕ್ಕೆ ಅರ್ಧ ಗಂಟೆ ಮುಂಚೆ ರಾತ್ರಿಗೂ ಹಾಗೇ ದೊಡ್ಡದು ತಿಂದ ಮೇಲೆ ಗಾಯಕ್ಕೆ ನೀರಿಲ್ಲ ಬರಿಗಾಲಿಲ್ಲ ಯಾವಾಗ್ಲೂ ಚಪ್ಪಲಿ ಕಾಫಿ ಸಕ್ಕರೆ ಇಲ್ಲದ್ದು ಒಂದು."

ಬೃಂದಾ ಬೆರಗಾದರು. ಪಕ್ಕದ ಕೋಣೆಯ ಇನ್ನೊಬ್ಬ ಡಾಕ್ಟರನ್ನು ಕರೆದು ಮತ್ತೊಮ್ಮೆ ಹೇಳಿಸಿದರು. ಮಧ್ವರಾಜ ಆ ಡಾಕ್ಟರಿಗಾಗಿ ತಮಿಳಿನಲ್ಲಿಯೂ ಹೇಳಿ ತೋರಿಸಿದ. ನರ್ಸಮ್ಮ ಚಪ್ಪಾಳೆ ತಟ್ಟುವುದೊಂದು ಬಾಕಿ. ಕಾನ್ವೆಂಟಿನಲ್ಲಿ ಓದಿದವರಿಗೆಲ್ಲ ತಿಳಿದ ಸಂಗತಿ ಇದು: ತರಗತಿ ಒಕ್ಕೊರಲಿನಲ್ಲಿ ಹಾಡಿದಂತೆ ಪಾಠ ಒಪ್ಪಿಸಿತೆಂದರೆ ಸಿಸ್ಟರಿಗೆ ಸಂತೋಷ, ಮಕ್ಕಳಿಗೆ ಬಿಡುಗಡೆ, ಪಾಠ ಮಾತ್ರ ಹಲಗೆಯ ಮೇಲೆಯೇ.

ಆಸ್ಪತ್ರೆಯ ಮೆಟ್ಟಿಲಿಳಿಯುವಾಗ ಮಧ್ವರಾಜನಿಗೆ ಆರ್ಡರು ಮುಟ್ಟಿಸಿದ ನೆಮ್ಮದಿ. ಟೇಬಲ್ ಒರೆಸಿ ಆಗಿತ್ತು.

"ಎಂತ ಹೇಳಿದ್ರು ಡಾಕ್ಟ್ರು?" ಎಂದಳು ಬೇಬಿ.

"ಎಲ್ಲ ಹೇಳಿದ್ರು."

"ಎಲ್ಲ ಅಂದ್ರೆ?"

"ಎಲ್ಲ ಅಂದ್ರೆ ಎಲ್ಲ. ನಾನು ವಾಪಸ್ ಹೇಳಿಯೂ ಬಂದೆ. ಎರಡೆರಡು ಭಾಷೆಯಲ್ಲಿ."

ವೀಕ್ಷಾ ಪುಸ್ತಕದಿಂದ ತಲೆಯೆತ್ತದೆ, "ಅಪ್ಪಾವುಕ್ಕು ಒಣ್ಣುಮೇ ಞಾಪಕಂ ಇಲ್ಲೆಮ್ಮಾ" ಎಂದು ತಮಿಳಿನಲ್ಲಿ ಘೋಷಿಸಿದಳು. ಅಪ್ಪನಿಗೆ ಒಂದೂ ನೆನಪಿಲ್ಲ ಎಂಬುದು ಆ ಮನೆಯಲ್ಲಿ ಯಾವ ಭಾಷೆಯಲ್ಲಿ ಹೇಳಿದರೂ ಹಳೆಯ ಸುದ್ದಿಯೇ.

ಪೂರ್ತಿ ಮರೆತಿದ್ದ ಎಂದರೆ ಅನ್ಯಾಯವಾದೀತು. 'ಆಹಾರಕ್ಕೆ ಅರ್ಧ ಗಂಟೆ ಮುಂಚೆ' ಎಂಬುದು ಉಳಿದಿತ್ತು, 'ಚಪ್ಪಲಿ' ಎಂಬುದು ಉಳಿದಿತ್ತು. ಅಷ್ಟನ್ನು ಅವನು ನಿಷ್ಠೆಯಿಂದ ಪಾಲಿಸಿದ. ನಸುಕಿಗೆ ಎದ್ದು ಹೋಟೆಲಿಗೆ ಹೋದರೆ ಇಡ್ಲಿಯ ಗದ್ದಲ ಮುಗಿಯುವ ತನಕ ಸಪ್ಲೈಯರುಗಳು ನಿಂತುಕೊಂಡೇ ಏನಾದರೂ ಬಾಯಿಗೆ ಹಾಕಿಕೊಳ್ಳುವುದು. ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಗಿರಾಕಿಗಳ ಊಟವೆಲ್ಲ ಮುಗಿದು ಮಧ್ಯಾಹ್ನ ಇಳಿದ ಮೇಲೆ ಎಲೆ ಹಾಕಿ ಕೂರುತ್ತಾರಲ್ಲ, ಅದು ಆಹಾರ. ಬೆಳಗಿನ ಬಿಳಿ ಮಾತ್ರೆಯನ್ನು ಅವನು ಆ ಎಲೆಗೆ ಅರ್ಧ ಗಂಟೆ ಮುಂಚೆ ಭಕ್ತಿಯಿಂದ ನುಂಗುತ್ತಿದ್ದ. ಅಷ್ಟು ಹೊತ್ತಿಗೆ ಒಂದು ದೋಸೆ, ಸ್ವಲ್ಪ ಕೇಸರಿಬಾತು, ಮೂರು ಕಾಫಿ ಒಳಗೆ ಸೇರಿ ಶುಗರನ್ನು ಎಲ್ಲಿಗೋ ಏರಿಸಿ ಕೂರಿಸಿರುತ್ತಿದ್ದವು.

ಚಪ್ಪಲಿಯನ್ನೂ ಹಾಕಿಕೊಂಡ. ಮನೆಯಿಂದ ಹೋಟೆಲಿನ ಬಾಗಿಲವರೆಗೆ. ಅಲ್ಲಿ, ಸಪ್ಲೈಯರುಗಳೆಲ್ಲ ಯಾವಾಗಲೂ ಮಾಡುವಂತೆ, ಕಳಚಿಟ್ಟು ಒಳಗೆ ಹೋದ. ಅನ್ನ ಬಡಿಸುವ ಜಾಗದಲ್ಲಿ ಬಡಿಸುವವನ ಕಾಲಿಗೆ ಚಪ್ಪಲಿ ಕೂಡದು ಎಂಬುದು ಸದಾನಂದ ರಾಯರ ತಂದೆಯ ಕಾಲದ ಕಟ್ಟಳೆ. ಉಣ್ಣುವವನು ಇಡೀ ತ್ರಿಪ್ಲಿಕೇನಿನ ಕೆಸರನ್ನು ಮೆಟ್ಟಿ ಬರಬಹುದು. ಗಿರಾಕಿ ದೇವರು, ದೇವರ ಪಾದಕ್ಕೆ ಮೈಲಿಗೆಯಿಲ್ಲ. ಒಡೆದ ಕಲ್ಲಿನ, ದಿನವಿಡೀ ಒರೆಸುವ ಆ ಒದ್ದೆ ನೆಲದ ಮೇಲೆ ಮಧ್ವರಾಜ ಬರಿಗಾಲಿನಲ್ಲಿ ಓಡಾಡಿದ. ಡಾಕ್ಟರ ಮಾತು ಮೀರಿದೆ ಎಂದು ಅವನಿಗೆ ಅನಿಸಲೇ ಇಲ್ಲ. ಅದು ಓಡಾಟವಲ್ಲ, ಕೆಲಸ.

ಮುಂದಿನ ಸಲ ರಕ್ತ ಪರೀಕ್ಷೆಯ ಚೀಟಿ ನೋಡಿ ಬೃಂದಾ ಅವರ ಮುಖ ಕಾಯಿಸಿ ಮರೆತ ಹಾಲಿನಂತೆ ಉಕ್ಕಿತು. ಗಾಯ ಇನ್ನಷ್ಟು ಅಗಲವಾಗಿತ್ತು.

"ಏನ್ರೀ ಇದು? ಅಷ್ಟು ಚೆನ್ನಾಗಿ ಹೇಳಿದ್ರಿ! ನನ್ನ ಹತ್ರ ನಾಟಕ ಆಡಿದ್ರಾ?"

"ಇಲ್ಲ ಮೇಡಂ."

"ಮಾತ್ರೆ ತಗೊಂಡ್ರಾ?"

"ಆಹಾರಕ್ಕೆ ಮುಂಚೆಯೇ ಮೇಡಂ."

"ಚಪ್ಪಲಿ?"

"ಬಾಗಿಲಲ್ಲೇ ಉಂಟು ಮೇಡಂ. ಬೇಕಿದ್ರೆ ತಂದು ತೋರಿಸುದಾ?"

ಹೊರಗೆ ಸಾಲು ಬೆಳೆಯುತ್ತಿತ್ತು. ಬೃಂದಾ ಮಾತ್ರೆ ಜಾಸ್ತಿ ಮಾಡಿ, ಅದನ್ನೇ ಇನ್ನಷ್ಟು ಗಟ್ಟಿಯಾಗಿ ಹೇಳಿ, ತಿರುಗಿ ಹೇಳಿಸಿದರು. ಅವನು ಇನ್ನಷ್ಟು ಗಟ್ಟಿಯಾಗಿ ಹೇಳಿದ. ಗುಣವಂತ ರೋಗಿ, ಗುಣ ಮಾತ್ರ ಕಾಣಲಿಲ್ಲ. ಇಬ್ಬರಿಗೂ ಒಂದೇ ಭಾಷೆ, ಇಬ್ಬರಿಗೂ ಒಳ್ಳೆಯ ಮನಸ್ಸು. ಮಾತ್ರೆ ಮತ್ತು ಮಾತು ಎರಡೂ ಧಾರಾಳ.

ಮಧ್ವರಾಜನಿಗೆ ಬೇಸರವಾದದ್ದು 'ನಾಟಕ' ಎಂದದ್ದಕ್ಕೆ. ಅದೇ ಕಾಯಿಲೆ, ಅದೇ ಬಿಳಿ ಮಾತ್ರೆ, ಕಿಟಕಿ ಪಕ್ಕದ ಟೇಬಲಿಗೆ ದಿನಾ ಬರುವ ಬ್ಯಾಂಕಿನ ಆಫೀಸರರಿಗೂ ಇತ್ತು. "ಡಾಕ್ಟರನ್ನ ಮುಕ್ಕಾಲು ಗಂಟೆ ಕೂರಿಸಿಬಿಟ್ಟೆ ಕಣಪ್ಪಾ. ಬೆಂಡೇಕಾಯಿ ತಿನ್ನಬಹುದಾ, ಮಾವಿನಹಣ್ಣು ವಾಸನೆ ನೋಡಬಹುದಾ, ಎಲ್ಲ ಕೇಳಿದೆ" ಎಂದು ಅವರು ತಮಿಳಿನಲ್ಲಿ ಜಂಬ ಕೊಚ್ಚುತ್ತಿದ್ದರು. ಅವರ ಶುಗರ್ ಅವರ ಇಸ್ತ್ರಿ ಅಂಗಿಯ ಹಾಗೆ ನೆಟ್ಟಗಿತ್ತು. ಡಾಕ್ಟರಿಗೆ ಎದುರು ಪ್ರಶ್ನೆ! ಮಧ್ವರಾಜನಿಗೆ ಕೇಳಿಯೇ ಮೈ ಜುಂ ಎಂದಿತ್ತು. ಗಿರಾಕಿ "ರವಾ ದೋಸೆ" ಎಂದರೆ "ಯಾಕೆ?" ಎಂದು ಕೇಳುವ ಸಪ್ಲೈಯರ್ ಇದ್ದಾನೆಯೇ?

ನವರಾತ್ರಿಯ ಒಂದು ಸಂಜೆ ಬೃಂದಾ ಹೋಟೆಲಿಗೆ ಬಂದರು. ಪಾರ್ಥಸಾರಥಿ ಗುಡಿಯಿಂದ ಗಂಡನ ಜೊತೆ ಹೊರಟವರು ಊರಿನ ಬಗೆಯ ಸಾಂಬಾರು ಸಿಕ್ಕೀತೆಂದು ನುಗ್ಗಿದ್ದರು. ಮಧ್ವರಾಜನನ್ನು ಕಂಡು ಅವರಿಗೆ ಆಶ್ಚರ್ಯ, ಅವರನ್ನು ಕಂಡು ಅವನಿಗೆ ಸಂಭ್ರಮ. ತನ್ನ ಡಾಕ್ಟರ ಮುಂದೆ ಅವನು ಆವತ್ತು ಕಲೆಯ ಪರಾಕಾಷ್ಠೆ ಮುಟ್ಟಿದ. ಪಕ್ಕದ ಟೇಬಲಿನಲ್ಲಿ ಮಾಯಾವರದಿಂದ ಬಂದ ದೊಡ್ಡ ಸಂಸಾರ, ತಲೆಗೊಂದು ತರಲೆ. ಅಷ್ಟನ್ನೂ ಕಿಂಡಿಗೆ ಒಪ್ಪಿಸಿ, ತಂದಿಟ್ಟು, ತಿನ್ನಿಸಿ, ಕಳಿಸಿ, ಟೇಬಲ್ ಒರೆಸಿದ.

"ಅದ್ಭುತ ಕಣ್ರೀ!" ಎಂದರು ಬೃಂದಾ. "ಆ ಅಜ್ಜಿ ಏನ್ ತಿಂದ್ರು? ನಾನೂ ಅದನ್ನೇ ತಗೋತೀನಿ."

"ಯಾವ ಅಜ್ಜಿ?"

"ಈಗ ಎದ್ದು ಹೋದ್ರಲ್ಲ. ನೀವೇ ತಂದುಕೊಟ್ಟಿರಿ."

ಮಧ್ವರಾಜ ಪಾಪ ನಿಜವಾಗಿಯೂ ಯೋಚಿಸಿದ. "ಅದು ಹೋಯ್ತಲ್ಲ ಮೇಡಂ. ಒಳಗೆ ಹೇಳಿ, ಬಿಲ್ ಕೊಟ್ಟು ಆಯ್ತಲ್ಲ. ಇನ್ನು ಎಂತಕ್ಕೆ ಅದು?"

ಬೃಂದಾ ಬಾಯಿಗೆ ಕೊಂಡೊಯ್ದ ವಡೆಯ ತುಂಡನ್ನು ಹಾಗೇ ಹಿಡಿದುಕೊಂಡರು. ಅವರ ನೋಟ ಅವನ ಮುಖದಿಂದ ಮೆಲ್ಲಗೆ ಕೆಳಗಿಳಿದು, ಒದ್ದೆ ನೆಲದ ಮೇಲೆ ನಿಂತ ಬರಿಗಾಲನ್ನೂ, ತೊಯ್ದು ಕಂದಾದ ಗಾಯದ ಪಟ್ಟಿಯನ್ನೂ ಮುಟ್ಟಿತು. ಬೈಯುತ್ತಾರೆ ಎಂದುಕೊಂಡ ಮಧ್ವರಾಜ ಆ ಕಾಲನ್ನು ಇನ್ನೊಂದರ ಹಿಂದೆ ಅಡಗಿಸಿದ.

"ನಾಳೆ ಬನ್ನಿ," ಎಂದರು ಅಷ್ಟೆ. "ಕೊನೇಲಿ ಬನ್ನಿ, ಎಲ್ರೂ ಹೋದ್ಮೇಲೆ. ನಿಮ್ಮ ಮನೆಯವರನ್ನೂ ಕರ್ಕೊಂಡು ಬನ್ನಿ."

ಮರುದಿನ ಅವರು ಮೊದಲು ಮಾಡಿದ ಕೆಲಸ, ಅವನನ್ನು ಕುರ್ಚಿಯಲ್ಲಿ ಕೂರಿಸಿ ತಾವು ಎದ್ದು ನಿಂತದ್ದು. ಬೇಬಿ ಪಕ್ಕದಲ್ಲಿ ಸೆರಗು ಹೊದ್ದು ಕೂತಳು. ಮಧ್ವರಾಜನಿಗೆ ಕುರ್ಚಿ ಚುಚ್ಚುತ್ತಿತ್ತು.

"ಇವತ್ತು ನಾನು ಏನೂ ಹೇಳಲ್ಲ, ನೀವೂ ಏನೂ ಒಪ್ಪಿಸಬೇಡಿ. ಇವತ್ತು ನೀವು ಗಿರಾಕಿ, ನಾನು ಸಪ್ಲೈಯರು. ನಾಳೆ ಬೆಳಿಗ್ಗೆ ಏಳ್ತೀರ. ಎದ್ದು ಏನ್ ಮಾಡ್ತೀರ?"

"ಮುಖ ತೊಳೀತೇನೆ."

"ಆಮೇಲೆ?"

"ಹೋಟ್ಲಿಗೆ ಹೋಗ್ತೇನೆ. ಒಂದು ಕಾಫಿ ಕುಡೀತೇನೆ."

"ಸಕ್ಕರೆ?"

"ಹಾಕುದು ನಾನಲ್ಲ ಮೇಡಂ. ಡಿಕಾಕ್ಷನ್ನಿನವ ಹಾಕ್ತಾನೆ."

ಬೇಬಿ ಸೆರಗಿನೊಳಗೆ ನಕ್ಕಳು. ಬೃಂದಾ ನಗಲಿಲ್ಲ, ಕೇಳುತ್ತ ಹೋದರು. ಎಷ್ಟು ಹೊತ್ತಿಗೆ ಮೊದಲು ಬಾಯಿಗೆ ಬೀಳುವುದು? ಅದು ಏನು? ಆಗ ಮಾತ್ರೆ ಎಲ್ಲಿರುತ್ತದೆ? ಅವನು ಹೇಳುತ್ತ ಹೇಳುತ್ತ ನಿಧಾನವಾದ. ದೋಸೆಯ ಹತ್ತಿರ ಬಂದು ನಿಂತೇ ಬಿಟ್ಟ. ಬಿಳಿ ಮಾತ್ರೆ, ದೋಸೆ, ಮಧ್ಯಾಹ್ನದ ಎಲೆ ಮೂರೂ ಅವನ ಕಣ್ಣ ಮುಂದೆ ಸಾಲಾಗಿ ಕೂತು ತಪ್ಪು ಟೇಬಲಿಗೆ ಬಂದಿದ್ದೇವೆ ಎಂದು ದೂರುತ್ತಿದ್ದವು.

"ಮೇಡಂ," ಎಂದ, ದನಿ ತಗ್ಗಿಸಿ, "ಒಂದು ಮಾತು ಕೇಳ್ಬಹುದಾ? ಬೇಜಾರಿಲ್ವಲ್ಲ?"

"ಕೇಳಿ."

"ನಿಂತುಕೊಂಡು ತಿಂದ್ರೆ ಅದೂ ಆಹಾರವಾ?"

ಬೃಂದಾ ಒಂದು ಗಳಿಗೆ ಕಣ್ಣು ಮುಚ್ಚಿದರು. ಇಷ್ಟು ದಿನ ತಾವು ಕೇಳದೆ ಬಿಟ್ಟ ಪ್ರಶ್ನೆ ಅದು. "ಹೌದು ಮಧ್ವರಾಜ್ ಅವ್ರೆ. ಹೊಟ್ಟೆಗೆ ಕುರ್ಚಿ ಕಾಣಿಸಲ್ಲ. ನಾನು ಮೊದಲೇ ಬಿಡಿಸಿ ಹೇಳ್ಬೇಕಿತ್ತು."

ಡಾಕ್ಟರೊಬ್ಬರು ತನ್ನ ಮುಂದೆ ತಪ್ಪು ಒಪ್ಪಿದ್ದು ಮಧ್ವರಾಜನಿಗೆ ಅಷ್ಟು ಹಿಡಿಸಲಿಲ್ಲ. ಆದರೆ ಬಾಯಿಯ ಬೀಗ ಮಾತ್ರ ಕಳಚಿತು. ಮಾತ್ರೆ ನುಂಗಿ ತಿನ್ನದೆ ಓಡಾಡಿದರೆ ತಲೆ ಸುತ್ತುವುದಾ? ಕೇಸರಿಬಾತು ಬೆರಳ ತುದಿಯಷ್ಟು ನಡೆಯುವುದಾ? ಮುಂಚಿನ ಸಾಲವನ್ನೆಲ್ಲ ತೀರಿಸುವವನಂತೆ ಕೇಳಿದ. ನಸುಕಿನಲ್ಲಿ ಮನೆಯಲ್ಲೇ ಮಾತ್ರೆ, ಬೇಬಿ ಕಟ್ಟಿಕೊಡುವ ಇಡ್ಲಿ ಹೋಟೆಲಿನ ಗದ್ದಲಕ್ಕೆ ಮುಂಚೆ ಎಂದು ಅವನೇ ತೀರ್ಮಾನಿಸಿದ. ಕೇಸರಿಬಾತಿಗೆ ಮಾತ್ರ ಅಪ್ಪಣೆ ಸಿಗಲಿಲ್ಲ.

ಉಳಿದದ್ದು ಕಾಲು. "ನಾನು ನಿಮ್ಮ ಯಜಮಾನರ ಹತ್ರ ಮಾತಾಡ್ಲಾ?" ಎಂದರು ಬೃಂದಾ.

"ಬೇಡ ಮೇಡಂ. ಡಾಕ್ಟ್ರು ಹೇಳಿದ್ರೆ ಅವರು 'ಕಾಲು ಸರಿಯಾಗುವ ತನಕ ಊರಿಗೆ ಹೋಗು' ಅಂತಾರೆ."

"ಹಾಗಾದ್ರೆ ಏನು ಮಾಡಿದ್ರೆ ನಡೆಯುತ್ತೆ? ನೀವೇ ಹೇಳಿ. ನನಗೆ ಹೋಟ್ಲು ಗೊತ್ತಿಲ್ಲ."

ಮಧ್ವರಾಜ ಬೇಬಿಯ ಮುಖ ನೋಡಿದ. ಬೇಬಿ, "ರಾಯರು ಪೂಜೆಗೆ ಉಡುವ ರೇಷ್ಮೆ ಪಟ್ಟೆಯನ್ನು ಬೀದಿಗೆ ಉಡ್ತಾರಾ?" ಎಂದಳು. ಅಷ್ಟು ಸಾಕಾಯಿತು.

ಪೈಕ್ರಾಫ್ಟ್ಸ್ ರಸ್ತೆಯಲ್ಲಿ, ಶಾಲೆಯ ಮಕ್ಕಳು ಪಿ.ಟಿ. ದಿನ ಹಾಕುವಂಥ ಬಿಳಿ ಕ್ಯಾನ್ವಾಸು ಬೂಟು ಕೊಂಡರು. ಗಾಯಕ್ಕೆ ಒತ್ತದಂತೆ ಒಂದು ಸೈಜು ದೊಡ್ಡದು. ಪೆಟ್ಟಿಗೆ ಬಿಚ್ಚದೆ ಮಧ್ವರಾಜ ಅದನ್ನು ಕ್ಯಾಷ್ ಕೌಂಟರಿನ ಮೇಲೆ, ಊದುಬತ್ತಿಯಿಂದ ಮರ್ಯಾದೆಯ ದೂರದಲ್ಲಿ ಇಟ್ಟ.

"ಇದೆಂತದು?" ಎಂದರು ಸದಾನಂದ ರಾಯರು.

"ಬೂಟು, ರಾಯರೇ. ಮಡಿ ಬೂಟು."

"ನಿಂಗೆ ಮರ್ಲಾ, ತಲೆ ಕೆಟ್ಟಿದ್ಯಾ?"

"ಕೇಳಿ. ಹೊರಗೆ ಹೋಗದ್ದಕ್ಕೇ ಅಲ್ವಾ ಪಟ್ಟೆ ಮಡಿ? ಇದು ಅಂಗಡಿಯಿಂದ ಪೆಟ್ಟಿಗೆಯಲ್ಲೇ ಬಂದದ್ದು. ಬೀದಿ ಕಂಡಿಲ್ಲ, ಕಾಣುದೂ ಇಲ್ಲ. ಇಲ್ಲೇ ಹಾಕುದು, ಇಲ್ಲೇ ಕಳಚುದು. ಚರ್ಮ ಇಲ್ಲ, ಬಟ್ಟೆ. ವಾರಕ್ಕೊಮ್ಮೆ ಒಗೀತೇನೆ."

ರಾಯರು ಪೆಟ್ಟಿಗೆ ಬಿಚ್ಚಿ, ಕನ್ನಡಕ ತೆಗೆದು, ಬೂಟನ್ನು ಜಾತಕದಂತೆ ತಿರುಗಿಸಿ ನೋಡಿದರು. "ಒಗೆದು ಎಲ್ಲಿ ಒಣಗಿಸ್ತಿ?"

"ಹಿಂದೆ, ತಾರಸಿಯಲ್ಲಿ."

"ಕಾಗೆ ಮುಟ್ಟಿದ್ರೆ?"

"ಕಾಗೆಗೆ ಬೂಟು ಎಂತಕ್ಕೆ ರಾಯರೇ?"

ರಾಯರು ಬೂಟನ್ನು ತಿರುಗಿ ಪೆಟ್ಟಿಗೆಯೊಳಗಿಟ್ಟರು. ಮಧ್ವರಾಜನಿಗೆ ಒಳಗೆ ದೋಸೆ ಕಾವಲಿಯ ಚುಂಯ್ ಸದ್ದೊಂದೇ ಕೇಳುತ್ತಿತ್ತು. ಇಲ್ಲ ಎಂದರೆ ಊರಿನ ಬಸ್ಸು. ಹಾಗೇ ಬಿಟ್ಟರೆ ಸರ್ಜನ್ನಿನ ಕತ್ತಿ. "ಬೇಡ ಅಂದ್ರೆ ಬೆರಳು ತೆಗೀತಾರಂತೆ, ರಾಯರೇ," ಎಂದ, ಮೊದಲ ಸಲ ಆ ಮಾತನ್ನು ಗಟ್ಟಿಯಾಗಿ.

"ಅದನ್ನು ಮೊದಲು ಹೇಳ್ಲಿಕ್ಕೆ ನಿಂಗೆ ಎಂತ ರೋಗ?" ಎಂದು ರಾಯರು ಗದರಿದರು. "ಹಾಕು ಹೋಗು. ಅಡುಗೆಮನೆ ಹೊಸ್ತಿಲು ಮಾತ್ರ ದಾಟಬೇಡ."

ಮ್ಯಾನ್ಷನ್ನಿನ ಹುಡುಗರು ಅವನನ್ನು ಕ್ರಿಕೆಟಿನ ಅಂಪೈರ್ ಎಂದರು. ಒಬ್ಬ ಇಡ್ಲಿಗೆ "ನೋ ಬಾಲ್" ಎಂದ. ಮಧ್ವರಾಜ ಕೇಳಿಸದವನಂತೆ ಬೂಟಿನ ದಾರ ಬಿಗಿದ. ಬೂಟಿನೊಳಗೆ ಕಲ್ಲು ಗಿಲ್ಲು ಇದೆಯೇ ಎಂದು ದಿನಾ ಕೈಹಾಕಿ ನೋಡುವ ಕೆಲಸ ಅವನದು, ರಾತ್ರಿ ಕಾಲನ್ನು ದೀಪಕ್ಕೆ ಹಿಡಿದು ನೋಡುವ ಕೆಲಸ ಬೇಬಿಯದು. "ಮದುವೆಯಲ್ಲೂ ಇಷ್ಟು ನೋಡಿರ್ಲಿಲ್ಲ ನಿಮ್ಮ ಕಾಲನ್ನು" ಎನ್ನುತ್ತಿದ್ದಳು. ಬೃಂದಾ ಅವರಲ್ಲಿಗೆ ಹೋದಾಗಲೆಲ್ಲ ಈಗ ಅವನು ತಾನಾಗಿ ಕೂರುತ್ತಿದ್ದ, ಕೂತು ಪ್ರಶ್ನೆ ತೆಗೆಯುತ್ತಿದ್ದ. ಹಿಂದೆ ಸಾಲಿನಲ್ಲಿದ್ದವರು ಗೊಣಗುತ್ತಿದ್ದರು. ಬೃಂದಾ ಬಾಗಿಲಿಗೆ ಬಂದು, ತಮ್ಮ ನಗೆಪಾಟಲಿನ ತಮಿಳಿನಲ್ಲಿ, ನಿಮ್ಮ ಸರದಿ ಬಂದಾಗ ನೀವೂ ಕೇಳಿ ಎಂದು ಅವರನ್ನು ಸಮಾಧಾನ ಮಾಡುತ್ತಿದ್ದರು.

ದೀಪಾವಳಿ ಕಳೆಯಿತು. ಸರ್ಜನ್ ಪಟ್ಟಿ ಬಿಚ್ಚಿ, ಬೆರಳನ್ನು ಅತ್ತಿತ್ತ ಒತ್ತಿ, ಹಳೆಯ ಚೀಟಿ ನೋಡಿ, ಮತ್ತೆ ಬೆರಳು ನೋಡಿದರು. ಅಂಚಿನಲ್ಲಿ ಎಳೆಯ ಗುಲಾಬಿ ಚರ್ಮ ಹಬ್ಬಿ ಗಾಯ ಕಾಳಿನಷ್ಟಾಗಿತ್ತು. "ಇದನ್ನು ನಾನು ಮುಟ್ಟುವುದಿಲ್ಲ, ಹೋಗು" ಎಂದರು.

ಮಧ್ವರಾಜ ಅಲ್ಲಿಂದ ನೇರ ಹೋಟೆಲಿಗೆ ಬಂದ. ಸಂಜೆಯ ಗದ್ದಲ ಶುರುವಾಗಿತ್ತು. ಬಾಗಿಲಲ್ಲಿ ಚಪ್ಪಲಿ ಕಳಚಿ, ಸ್ಟೂಲಿನ ಮೇಲೆ ಕೂತು ಬೂಟಿನೊಳಗೆ ಕೈಯಾಡಿಸುತ್ತಿದ್ದಾಗ ಸದಾನಂದ ರಾಯರು ಚಿಲ್ಲರೆ ಎಣಿಸುವುದನ್ನು ನಿಲ್ಲಿಸಿದರು.

"ಉಳೀತಾ?"

"ಉಳೀತು ರಾಯರೇ."

ರಾಯರು ಗೋಡೆಯ ಕೃಷ್ಣನ ಪಟದ ಕಡೆಗೆ ಒಮ್ಮೆ ನೋಡಿ, ಮೂಗು ಒರೆಸಿಕೊಂಡು, ಮತ್ತೆ ಚಿಲ್ಲರೆಗೆ ಕೈ ಹಾಕಿದರು.

"ಹಾಗಾದ್ರೆ ಆ ಮೂಲೆ ಟೇಬಲಿಗೆ ನೀರಿಡು. ಆಗಿಂದ ಕೂತಿದ್ದಾರೆ."